ಪೋಲಿಷ್ ಕಳ್ಳನೂ ಪಕ್ಕದ ಮನೆಯ ಶೆಡ್ಡೂ

ನನಗೆ ಪೋಲಿಷ್ ಭಾಷೆ ಬರುತ್ತದೆ. ಪೂರ್ತಿ ಅಲ್ಲ, ಒಂದು ಪದ. ಆ ಒಂದು ಪದ ನೆಚ್ಚಿಕೊಂಡು ಮನುಷ್ಯ ಎಷ್ಟು ಮೇಲೆ ಹತ್ತಬಹುದು, ಅಲ್ಲಿಂದ ಎಷ್ಟು ಬೇಗ ಕೆಳಗೆ ಬರಬಹುದು ಎಂಬುದನ್ನು ಇಂಗ್ಲೆಂಡಿನ ನಮ್ಮೂರು ಸೊಲಿಹಲ್‌ನಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ಪದ ಕಲಿತದ್ದು ಒಂದು ಶನಿವಾರ ಮಧ್ಯಾಹ್ನ, ಪಕ್ಕದ ಮನೆಯ ಮಾರೆಕ್‌ನ ಸೋಫಾದ ಮೇಲೆ. ಮಾರೆಕ್ ಪೋಲೆಂಡಿನವನು, ಕಾರು ಕಾರ್ಖಾನೆಯಲ್ಲಿ ವೆಲ್ಡರ್. ತಮ್ಮ ದೇಶದ ಸಿನಿಮಾ ತೋರಿಸುತ್ತೇನೆಂದು ಕರೆದಿದ್ದ. ಕಥಾನಾಯಕ ಒಬ್ಬ ಕಳ್ಳ, ನಿಜವಾಗಿ ಬದುಕಿದ್ದವನಂತೆ. ಅಂಗಡಿ ದೋಚುತ್ತಾನೆ, ಕಾರು ಹಾರಿಸುತ್ತಾನೆ, ಸಿಕ್ಕಿಬಿದ್ದಾಗಲೆಲ್ಲ ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿಯಾಗುತ್ತಾನೆ. ಇಷ್ಟಾದರೂ ಅವನ ಕೋಟಿನ ಇಸ್ತ್ರಿ ಕೆಡುವುದಿಲ್ಲ!

ಒಂದು ಕಡೆ ಇನ್‌ಸ್ಪೆಕ್ಟರ್ ಏನೋ ಕೇಳಿದ. ಕಳ್ಳ "ನೋ" ಎಂದ. ಪರದೆಯ ಕೆಳಗೆ ಇಂಗ್ಲಿಷ್‌ನಲ್ಲಿ "ಯೆಸ್" ಎಂದು ಬಂತು.

"ತಪ್ಪು ಬರೆದಿದ್ದಾರಲ್ಲ?" ಎಂದೆ.

"ತಪ್ಪಲ್ಲ. ಪೋಲಿಷ್‌ನಲ್ಲಿ 'ನೋ' ಅಂದ್ರೆ 'ಹೂಂ' ಅಂತ," ಎಂದ ಮಾರೆಕ್.

ಮನೆಗೆ ಓಡಿಬಂದು ಹೆಂಡತಿ ಸುಮನಾಗೆ ಈ ಜ್ಞಾನವನ್ನು ದಾನ ಮಾಡಿದೆ. ಅವಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, "ಈಗ ಕನ್ನಡದಲ್ಲಿ ಹೇಳ್ತೀನಿ, ಅದೂ ಅರ್ಥ ಮಾಡ್ಕೊಳ್ಳಿ. ನಾಳೆ ನನಗೆ ಆಸ್ಪತ್ರೇಲಿ ಶಿಫ್ಟ್. ಅಮ್ಮನ ಫ್ಲೈಟ್ ಹನ್ನೆರಡಕ್ಕೆ ಇಳಿಯುತ್ತೆ. ನೀವು ಏರ್‌ಪೋರ್ಟಲ್ಲಿ ಇರ್ಬೇಕು. ಕೀ ಮರೀಬೇಡಿ," ಎಂದಳು.

ನಮ್ಮ ಅತ್ತೆ ಮೈಸೂರಿನಲ್ಲಿ ಹೈಸ್ಕೂಲ್ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಮದುವೆಯಾಗಿ ಹನ್ನೊಂದು ವರ್ಷವಾದರೂ ನನ್ನನ್ನು ಪಾಸ್ ಮಾಡಿರಲಿಲ್ಲ. ಬಾಯಿಬಿಟ್ಟು ಏನೂ ಅನ್ನುವವರಲ್ಲ, ಸುಮ್ಮನೆ ಕನ್ನಡಕದ ಮೇಲಿನಿಂದ ನೋಡುತ್ತಾರೆ. ಈಗ ಮೊದಲ ಸಲ ನಮ್ಮ ಮನೆಗೆ ಬರುತ್ತಿದ್ದರು. ಈ ಸಲವಾದರೂ ಪಾಸಾಗಬೇಕು ಎಂದು ನನಗೆ ನಿಜವಾಗಿಯೂ ಆಸೆಯಿತ್ತು.

ಭಾನುವಾರ ಹನ್ನೊಂದೂಕಾಲಿಗೆ ಬಿಳಿ ಷರ್ಟ್ ತೊಟ್ಟು, ಮನೆ ಅಚ್ಚುಕಟ್ಟಾಗಿರಲಿ ಎಂದು ಕಸದ ಚೀಲ ಹಿಡಿದು ಹೊರಗೆ ಬಂದೆ. ಗಾಳಿ ಬೀಸಿತು. ಬಾಗಿಲು ಟಪ್ಪೆಂದು ಲಾಕ್ ಆಯಿತು. ಮನೆಯ ಕೀ, ಕಾರಿನ ಕೀ, ಫೋನು ಎಲ್ಲ ಒಳಗೆ. ಹೊರಗಿದ್ದದ್ದು ನಾನು ಮತ್ತು ಕಸ.

ಗಿಡಕ್ಕೆ ನೀರು ಹಾಕುತ್ತಿದ್ದ ಮಾರೆಕ್, "ನನ್ನ ಕಾರು ಗ್ಯಾರೇಜಿನಲ್ಲಿದೆ. ಟ್ಯಾಕ್ಸಿ ಕರೀಲಾ? ಬೀಗದವನನ್ನ ಕರೀಲಾ?" ಎಂದು ಕೇಳಿದ. ನಾನು ನಕ್ಕೆ. ಹಿಂದಿನ ದಿನವಷ್ಟೇ ಅಂತರರಾಷ್ಟ್ರೀಯ ಮಟ್ಟದ ಕಳ್ಳನ ಬಳಿ ಎರಡು ಗಂಟೆ ತರಬೇತಿ ಪಡೆದವನಿಗೆ ಬೀಗದವನೇ?

ಕಾರ್ಯಾಚರಣೆಯ ಮೊದಲ ಹಂತವಾಗಿ, ಕಸದಿಂದ ಮೊಸರಿನ ಡಬ್ಬಿಯ ಮುಚ್ಚಳ ತೆಗೆದು ಬಾಗಿಲ ಸಂದಿಗೆ ತೂರಿಸಿದೆ. ಸಿನಿಮಾದಲ್ಲಿ ಹೀಗೆ ಮಾಡಿದರೆ ಬೀಗ ತೆರೆಯುತ್ತದೆ. ಇಲ್ಲಿ ಮುಚ್ಚಳ ಸಿಕ್ಕಿಕೊಂಡಿತು.

ತಲೆಯೆತ್ತಿ ನೋಡಿದರೆ ಮಹಡಿಯ ಬಾತ್‌ರೂಮ್ ಕಿಟಕಿ ತೆರೆದಿತ್ತು. ಬೇಲಿಗೆ ಒತ್ತಿಕೊಂಡೇ ಮಾರೆಕ್‌ನ ಮರದ ಶೆಡ್. ಅದರ ಮೇಲಿಂದ ನಮ್ಮ ಅಡುಗೆಮನೆಯ ಮಾಡು, ಅಲ್ಲಿಂದ ಕಿಟಕಿ. ಬೇಲಿ ಹತ್ತಿ ಶೆಡ್ಡಿನ ಅಂಚಿನಲ್ಲಿ ನಿಂತೆ.

"ಮಾರೆಕ್, ಇದು ನನ್ನ ಭಾರ ತಡೆಯುತ್ತಾ?"

"ನೋ!"

ಧೈರ್ಯ ಬಂತು. "ನಡುವೆ ಕಾಲಿಡಲಾ?"

"ನೋ! ನೋ! ನೋ!" ನೀರಿನ ಪೈಪ್ ಬಿಸಾಡಿ ಎರಡೂ ಕೈ ಬೀಸಿದ. ಕೇಳಿದ್ದು ಒಂದು, ಕೊಟ್ಟದ್ದು ಮೂರು ಒಪ್ಪಿಗೆ! ಇಂಥ ನೆರೆಯವರು ಎಷ್ಟು ಜನರಿಗೆ ಸಿಗುತ್ತಾರೆ? ನಡುವೆ ಕಾಲಿಟ್ಟೆ.

ನಡುವೆ ಆಧಾರವೇ ಇರಲಿಲ್ಲ.

ಹಲಗೆ ಮುರಿದು ಸೊಂಟದವರೆಗೆ ಇಳಿದು ಅಲ್ಲೇ ಸಿಕ್ಕಿಕೊಂಡೆ. ಮೇಲಿನ ಅರ್ಧಕ್ಕೆ ಬಿಸಿಲು, ಕೆಳಗಿನ ಅರ್ಧಕ್ಕೆ ಕತ್ತಲು.

"ನೋ ಅಂದೆನಲ್ಲ!" ಮಾರೆಕ್ ಕೂಗಿದ.

"ನೋ ಅಂದ್ರೆ ಹೂಂ ಅಂತ ನೀನೇ ಹೇಳಿದ್ದು!"

"ಅದು ಪೋಲಿಷ್! ನಾನು ಇಂಗ್ಲಿಷ್ ಮಾತಾಡ್ತಾ ಇದ್ದೆ!"

ಇದು ನನಗೆ ಹೊಳೆದಿರಲಿಲ್ಲ.

ನನ್ನನ್ನು ಬಿಡಿಸಲು ಗರಗಸ ಬೇಕಿತ್ತು. ಗರಗಸ ಶೆಡ್ಡಿನೊಳಗಿತ್ತು. ಒಳಗೆ ಜೋತಾಡುತ್ತಿದ್ದ ನನ್ನ ಕಾಲು ಹುಲ್ಲು ಕತ್ತರಿಸುವ ಯಂತ್ರವನ್ನು ಬಾಗಿಲಿಗೆ ಅಡ್ಡಲಾಗಿ ಕೆಡವಿತ್ತು. ಮಾರೆಕ್ ಬೇರೆ ಗರಗಸ ಹುಡುಕಿಕೊಂಡು ಊರೊಳಗೆ ನಡೆದ. ನಾನು ವಿಮಾನಗಳನ್ನು ನೋಡುತ್ತ ಉಳಿದೆ. ಹನ್ನೆರಡರ ಹೊತ್ತಿಗೆ ತಲೆಯ ಮೇಲಿಂದಲೇ ಒಂದು ಹತ್ತಿರದ ಏರ್‌ಪೋರ್ಟಿನತ್ತ ಇಳಿಯಿತು.

ಒಂದೂವರೆಗೆ ನಮ್ಮ ಮನೆಯ ಮುಂದೆ ಟ್ಯಾಕ್ಸಿ ನಿಂತಿತು. ಅತ್ತೆ ಇಳಿದು, ಸುತ್ತ ನೋಡಿ, ಕೊನೆಗೆ ಮೇಲೆ ನೋಡಿದರು. ಕನ್ನಡಕದ ಮೇಲಿನಿಂದಲೇ.

"ಅಲ್ಯಾಕೆ ನಿಂತಿದ್ದೀರಿ?"

"ನಿಂತಿಲ್ಲ ಅತ್ತೆ, ಸಿಕ್ಕಿಕೊಂಡಿದ್ದೀನಿ. ಕೀ ಒಳಗೇ ಉಳೀತು."

ಅವರು ಕೈಚೀಲದಿಂದ ಒಂದು ಕೀ ತೆಗೆದರು. ನಮ್ಮ ಮನೆಯದೇ! "ಹೋದ ಸಲ ಮೈಸೂರಿಗೆ ಬಂದಾಗ ಸುಮನಾ ಕೊಟ್ಟಿದ್ಲು. 'ಇವರನ್ನ ನಂಬ್ಕೊಂಡು ಹೊರಗೆ ನಿಲ್ಲಬೇಡ ಅಮ್ಮ' ಅಂದಿದ್ಲು," ಎಂದು, ಸಂದಿಯ ಮುಚ್ಚಳ ಕಿತ್ತು, ಬಾಗಿಲು ತೆರೆದು ಒಳಗೆ ಹೋದರು. ನನಗೆ ಸೊಂಟದ ನೋವಿಗಿಂತ ನಾಚಿಕೆಯೇ ಹೆಚ್ಚಾಯಿತು.

ಮಾರೆಕ್ ಗರಗಸ ತಂದು ನನ್ನನ್ನು ಬಿಡುಗಡೆ ಮಾಡಿದ ಮೇಲೆ ಅತ್ತೆ ಅವನಿಗೆ ಕಾಫಿ ಕೊಟ್ಟರು. ಕೊಟ್ಟು, ಹೆಡ್‌ಮಿಸ್ ಇಂಗ್ಲಿಷ್‌ನಲ್ಲಿ ಕೇಳಿದರು: "ನೀವು ದಿನಾ ನೋಡುವವರು. ಹೇಳಿ, ನಮ್ಮ ಅಳಿಯ ಬುದ್ಧಿವಂತರೋ?"

ಮಾರೆಕ್ ಶೆಡ್ ನೋಡಿದ, ನನ್ನನ್ನು ನೋಡಿದ.

"ನೋ," ಎಂದ.

ಅದನ್ನು ಅವನು ಪೋಲಿಷ್‌ನಲ್ಲೇ ಹೇಳಿದ್ದು ಎಂದು ನಾನು ಇವತ್ತಿಗೂ ಮನೆಯಲ್ಲಿ ವಾದಿಸುತ್ತಿದ್ದೇನೆ.