ಕಮಲಾಪುರದ ಅತ್ತೆ ಹೊಲಿದ ಬೇಸಿಗೆ ಗೌನುಗಳು

ಹೆದರಿಕೆಯ ವಿಷಯದಲ್ಲಿ ನಮ್ಮ ಕಮಲಾಪುರದ ಅತ್ತೆಯವರಿಗೆ ಸರಿಸಾಟಿ ಯಾರೂ ಇಲ್ಲ ಎಂದು ನಾನು ಪಣ ಕಟ್ಟಿ ಹೇಳಬಲ್ಲೆ. ಹಾವಿಗೆ ಹೆದರುವವರಿದ್ದಾರೆ, ಸಿಡಿಲಿಗೆ ಹೆದರುವವರಿದ್ದಾರೆ, ಹೆಂಡತಿಗೆ ಹೆದರುವವರಂತೂ ಮನೆಗೊಬ್ಬರಿದ್ದಾರೆ. ಆದರೆ ಝಿಪ್ಪಿಗೆ ಹೆದರುವವರನ್ನು ನೀವು ನೋಡಿದ್ದೀರಾ? ಇಲಾಸ್ಟಿಕ್ಕಿಗೆ? ಅತ್ತೆಯವರ ಪ್ರಕಾರ ಝಿಪ್ಪು ಕಚ್ಚುತ್ತದೆ, ಇಲಾಸ್ಟಿಕ್ಕು ರಕ್ತ ನಿಲ್ಲಿಸುತ್ತದೆ, ಗುಂಡಿಯನ್ನು ಮಕ್ಕಳು ನುಂಗುತ್ತವೆ, ಸಿಂಥೆಟಿಕ್ ಬಟ್ಟೆ ಬಿಸಿಲಿನಲ್ಲಿ ಕಡ್ಡಿ ಗೀರದೆ ತಾನೇ ಹೊತ್ತಿಕೊಳ್ಳುತ್ತದೆ! ಇಷ್ಟೆಲ್ಲ ಗಂಡಾಂತರದಿಂದ ಮನುಷ್ಯ ಪಾರಾಗುವುದು ಹೇಗೆ? ಅದಕ್ಕೆ ಅವರ ಹತ್ತಿರ ಇರುವುದು ಒಂದೇ ಉಪಾಯ. ಬೇಸಿಗೆಯ ಬಟ್ಟೆಯನ್ನು ಮನೆಯಲ್ಲೇ ಹೊಲಿದುಕೊಳ್ಳಬೇಕು.

ಇವರು ನನ್ನ ಗಂಡನ ಸೋದರತ್ತೆ, ಅಂದರೆ ಮಾವನವರ ತಂಗಿ. ನನ್ನ ಸ್ವಂತ ಅತ್ತೆ ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆಯ ಹುದ್ದೆ ಖಾಲಿ ಇದ್ದದ್ದನ್ನು ನೋಡಿ ಇವರು ಅರ್ಜಿಯನ್ನೂ ಹಾಕದೆ ಬಂದು ಕೂತರು. ಅವರಿರುವುದು ಕಮಲಾಪುರದಲ್ಲಿ, ನಾವು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ನಡುವೆ ಒಂದು ತಾಸಿನ ಬಸ್ ದಾರಿ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನಾನು ಬಸುರಿಯಾಗಿದ್ದೆ. ಒಳ್ಳೆಯ ಸುದ್ದಿಯಲ್ಲವೇ ಎನ್ನುತ್ತೀರಿ. ಆದರೆ ಅದಕ್ಕೆ ಮುಂಚೆ ಎರಡು ಸಲ ಬಸಿರು ನಿಂತಿರಲಿಲ್ಲ. ಎರಡನೆಯದಂತೂ ಏಳನೇ ತಿಂಗಳಲ್ಲಿ ಹೋಯಿತು. ಅವತ್ತು ಮಧ್ಯಾಹ್ನವೇ ಹೊಟ್ಟೆಯೊಳಗಿನ ಅಲುಗಾಟ ನಿಂತಿತ್ತು. ನಾನು ಬಿಸಿಲಿನ ಸುಸ್ತು ಎಂದುಕೊಂಡು ಸಂಜೆಯವರೆಗೆ ಮಲಗಿದ್ದೆ. ಹಾಗಾಗಿ ಈ ಮೂರನೆಯ ಸಲ ನಮ್ಮ ಮನೆಯಲ್ಲಿ ಯಾರೂ ಸಂತೋಷವನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಮುಂಜಾನೆ ಎದ್ದರೆ ನನಗೆ ಹೆದರಿಕೆ, ಉಂಡರೆ ಹೆದರಿಕೆ, ಮೆಟ್ಟಿಲು ಕಂಡರೆ ಹೆದರಿಕೆ. ಗಂಡ ಅಂಗಡಿಯಿಂದ ಫೋನ್ ಮಾಡಿ "ಊಟ ಆತೇನು?" ಎಂದು ಕೇಳುವಾಗ ಅವರು ಊಟದ ಬಗ್ಗೆ ಕೇಳುತ್ತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಇಂಥ ಮನೆಗೆ ಯುಗಾದಿಯ ಮರುದಿನ ಅತ್ತೆಯವರು ಬಂದಿಳಿದರು, ಒಂದು ಕೈ ಹೊಲಿಗೆ ಮಷೀನಿನ ಸಮೇತ! ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ಕಂಡಕ್ಟರನಿಗೆ ಕರುಣೆ ಬಂತಂತೆ.

"ಅಮ್ಮಾ, ಕೂಸಿನ ಮಾರಿ ಮ್ಯಾಲಿನ ಅರಿವಿ ತಗೀರಿ. ಸೆಕಿ ಭಾಳ ಅದ, ಉಸುರು ಕಟ್ಟೀತು."

"ಇದು ಕೂಸಲ್ಲಪಾ, ಮಷೀನು."

"ಮಷೀನಾದ್ರ ಕೆಳಗಿಡ್ರಿ ಮತ್ತ!"

"ಕೆಳಗಿಟ್ಟಾಗ ಬಸ್ಸು ಜಿಗದು, ಸೂಜಿ ಮುರದು, ಯಾರದರ ಕಾಲಿಗಿ ನಟ್ಟು, ಧನುರ್ವಾಯು ಆದ್ರ ನೀ ಹೊಣಿ ಆಗ್ತೀಯೇನು?"

ಧನುರ್ವಾಯುವಿನ ಹೊಣೆ ಹೊರುವ ಕಂಡಕ್ಟರು ಎಲ್ಲಿದ್ದಾನೆ? ಅದರ ಮೇಲೆ ಅವನ ಕೈಗೆ ಕಮಲಾಪುರದ ಎರಡು ಕೆಂಪು ಬಾಳೆಹಣ್ಣು ಬೇರೆ ಬಿದ್ದವು. ಮಷೀನು ತೊಡೆಯ ಮೇಲೆಯೇ ಕಲಬುರಗಿಗೆ ಬಂತು.

"ಇಷ್ಟು ಬಿಸಿಲಾಗ ಯಾಕ ತ್ರಾಸ ತಗೊಂಡ್ರಿ ಅತ್ತಿ?" ಎಂದೆ.

"ನಿನಗ ಬ್ಯಾಸಗಿ ಗೌನು ಹೊಲಿಯಾಕ ಬಂದೀನವ್ವಾ. ಹೊಲಗಿ ಮುಗದ ಕೂಡ್ಲೆ ಹೋಗ್ತೀನಿ" ಎಂದರು.

ಎರಡು ದಿನದ ಕೆಲಸ ಎಂದು ನಾನು ತಿಳಿದೆ. ನನ್ನ ದಡ್ಡತನ.

ಬಂದವರು ಮೊದಲು ಮಾಡಿದ ಕೆಲಸ ಕೂಲರ್ ಬಂದ್ ಮಾಡಿಸಿದ್ದು. "ನೀರು, ಕರೆಂಟು ಎರಡೂ ಒಂದೇ ಡಬ್ಬ್ಯಾಗ ಇಟ್ಟಾರ, ಇವರಿಗಿ ಬುದ್ಧಿ ಅದನೇನು?" ಕೂಲರ್ ಇಲ್ಲದ ಕಲಬುರಗಿಯ ಏಪ್ರಿಲ್ ಹೇಗಿರುತ್ತದೆಂದು ಕಲಬುರಗಿಯವರಿಗೆ ಹೇಳಬೇಕಿಲ್ಲ, ಬೇರೆಯವರು ನಂಬುವುದಿಲ್ಲ. ಮನೆ ಕಾದ ಕಾವಲಿಯಾಯಿತು. ಮನೆ ಕಾದಷ್ಟೂ ತೆಳು ಹತ್ತಿ ಬಟ್ಟೆ ಬೇಕೆಂಬ ಅತ್ತೆಯವರ ವಾದಕ್ಕೆ ಬಲ ಬಂತು. ಅವರು ಊಟಕ್ಕೆ ಏಳುವುದನ್ನೇ ಕಾದು ನನ್ನ ಗಂಡ ಕಳ್ಳನ ಹಾಗೆ ಹೋಗಿ ಹತ್ತು ನಿಮಿಷ ಕೂಲರ್ ಹಚ್ಚಿ, ಅದರ ಮುಂದೆ ನಿಂತು ಬರುತ್ತಿದ್ದರು.

ಮರುದಿನ ಬಟ್ಟೆ ಕೊಳ್ಳಲು ಜಗತ್ ಸರ್ಕಲ್ಲಿನ ಅಂಗಡಿಗೆ ಹೋದೆವು. ಅಂಗಡಿಯವ ಥಾನಿನ ಮೇಲೆ ಥಾನು ಬಿಚ್ಚಿ ಹಾಕಿದ. ಅತ್ತೆಯವರು ಬಣ್ಣ ನೋಡಲಿಲ್ಲ, ಹೂವು ನೋಡಲಿಲ್ಲ. ಪ್ರತಿ ಬಟ್ಟೆಯ ತುದಿಯನ್ನೂ ಮೂಗು ಬಾಯಿಗೆ ಗಟ್ಟಿಯಾಗಿ ಒತ್ತಿ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆಯತೊಡಗಿದರು. ಪಕ್ಕದ ಗಿರಾಕಿಗಳು ಹೆದರಿ ಸರಿದು ಕೂತರು.

"ಅಮ್ಮಾ, ಏನ್ ಮಾಡಾಕತ್ತೀರಿ? ಕಪಡಾ ಏಕ್ ನಂಬರ್ ಅದ!" ಅಂಗಡಿಯವ ಗಾಬರಿಯಾದ.

"ಇದ್ರಾಗ ಉಸುರು ಹಾಯವಲ್ಲದು."

"ಬಿಲ್ಕುಲ್ ಹಾಯ್ತದ. ನೋಡ್ರಿ ಬೇಕಾರ!" ಎಂದವನೇ ಪಾಪ, ತಾನೇ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಜೋರಾಗಿ ಎರಡು ಸಲ ಉಸಿರಾಡಿ ತೋರಿಸಿದ. "ನೋಡಿದ್ರಿ? ಬದುಕೀನಿ!"

"ಇನ್ನೂ ಒಂದು ಸ್ವಲ್ಪ ಹೊತ್ತು ಹಿಡೀಪಾ" ಎಂದರು ಅತ್ತೆಯವರು.

ಇನ್ನು ಅಳತೆಯ ವಿಷಯ. ಅತ್ತೆಯವರು ಟೇಪು ಮುಟ್ಟುವುದಿಲ್ಲ. ಜೀವ ಇರುವವರನ್ನು ಅಂಕಿ ಹಾಕಿ ಅಳೆಯಬಾರದಂತೆ, ಅಳೆದರೆ ಆಯುಷ್ಯವೂ ಅಷ್ಟಕ್ಕೇ ನಿಲ್ಲುತ್ತದಂತೆ. ಹಾಗಾಗಿ ಅವರದು ಗಂಟಿನ ಪದ್ಧತಿ. ಒಂದು ಉದ್ದ ದಾರ. ತೋಳಿಗೆ ಒಂದು ಗಂಟು, ಭುಜಕ್ಕೆ ಒಂದು ಗಂಟು, ಕಾಲಿಗೆ ಒಂದು ಗಂಟು. ನನ್ನ, ಗಂಡನ ಇಬ್ಬರ ಅಳತೆಯೂ ಅದೇ ದಾರದಲ್ಲಿ, ಒಬ್ಬರಾದ ಮೇಲೆ ಒಬ್ಬರು. ಯಾವ ಗಂಟು ಯಾರದೆಂಬುದು ಅತ್ತೆಯವರ ತಲೆಯಲ್ಲಿ. ನನ್ನ ಹೊಟ್ಟೆಗೆ ಮಾತ್ರ ದಾರವನ್ನೂ ಸುತ್ತಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಕಣ್ಣು ಕಿರಿದು ಮಾಡಿ ನನ್ನನ್ನು ಅಡ್ಡದಿಂದ ನೋಡಿ, "ಹೂಂ" ಎಂದರು. ಅಷ್ಟೇ ಅಳತೆ.

ಗಂಡನಿಗೂ ಒಂದು ಪೈಜಾಮ ಆಗಲಿ ಎಂದು ಹೊಲಿಯತೊಡಗಿದರು. ಆದರೆ ದಾರಕ್ಕೆ ಎರಡು ತುದಿ ಇರುತ್ತವೆ ನೋಡಿ! ಅದನ್ನು ಮೊಳೆಗೆ ತೂಗಿ ಹಾಕಿ, ಮತ್ತೆ ತೆಗೆಯುವಾಗ ಅತ್ತೆಯವರು ತಪ್ಪು ತುದಿಯಿಂದ ಎಣಿಸಿದ್ದರು. ನನ್ನ ತೋಳಿನ ಗಂಟು ಗಂಡನ ಕಾಲಿಗೆ ಹೋಯಿತು, ಗಂಡನ ಕಾಲಿನ ಗಂಟು ನನ್ನ ತೋಳಿಗೆ ಬಂತು. ಪೈಜಾಮ ಮೊಣಕಾಲಿನ ಹತ್ತಿರ ಬಂದು ಮುಗಿಯಿತು. ನನ್ನ ಗೌನಿನ ತೋಳು ಮಾತ್ರ ನೆಲ ಗುಡಿಸಿತು.

ಗಂಡನಿಗೆ ನೆಹರು ಗಂಜ್ ಪೇಟೆಯಲ್ಲಿ ಬೇಳೆ ವ್ಯಾಪಾರ. ಕನ್ನಡಿಯ ಮುಂದೆ ನಿಂತು ಕಾಲು ನೋಡಿಕೊಂಡರು. "ಅತ್ತಿ, ತೊಗರಿ ತೂಕದಾಗ ನಾ ಇಷ್ಟು ಫರಕ್ ಮಾಡಿದ್ರ ಗಂಜಿನಾಗಿಂದ ನನ್ನ ಹೊಡದು ಓಡಸ್ತಿದ್ರು!"

"ಗಾಳಿ ಆಡ್ತದಿಲ್ಲೋ ತಮ್ಮಾ? ಸುಮ್ಕ ಹಾಕ್ಕೋ" ಎಂದರು. ಗೌನಿನ ತೋಳನ್ನು ಬಿಚ್ಚಿ ಮತ್ತೆ ಹೊಲಿಯಲು ನಾಲ್ಕು ದಿನ ಹಿಡಿಯಿತು.

ಒಂದು ಗೌನು ಮುಗಿದ ಮೇಲೆ ಇನ್ನೊಂದು, ಅದು ಮುಗಿಯುವುದರೊಳಗೆ ಮತ್ತೊಂದು. ಅವುಗಳ ಅಗಲ ಎಷ್ಟೆಂದರೆ ಒಂದರೊಳಗೆ ನಾನೂ ನನ್ನ ಗಂಡನೂ ಕೂತು ಊಟ ಮಾಡಬಹುದಿತ್ತು. ಝಿಪ್ಪಿಲ್ಲ, ಗುಂಡಿಯಿಲ್ಲ, ಇಲಾಸ್ಟಿಕ್ ಇಲ್ಲ, ಎಲ್ಲ ಕಡೆ ಬರೀ ಕಸಿ, ಅಂದರೆ ಕಟ್ಟುವ ಲಾಡಿ. ಹೆಗಲಿಗೆ ಎರಡು, ಬೆನ್ನಿಗೆ ನಾಲ್ಕು, ಪಕ್ಕಕ್ಕೆ ನಾಲ್ಕು. ಹಾಕಿಕೊಳ್ಳಬೇಕೆಂದರೆ ಇನ್ನೊಬ್ಬರು ಹಿಂದೆ ನಿಂತು ಕಟ್ಟಬೇಕು. ಪಕ್ಕದ ಮನೆಯವರು ನೋಡಿ, "ಏನ್ರೀ ಇದು, ಮದುವಿ ಪೆಂಡಾಲದಂಗ ಕಾಣ್ತದ?" ಎಂದರು. ಬಾಗಿಲಿಗೆ ಯಾರಾದರೂ ಬಂದರೆ ನಾನು ಪರದೆಯ ಹಿಂದೆ ಅಡಗುತ್ತಿದ್ದೆ. ನನ್ನ ದೊಡ್ಡ ಹೆದರಿಕೆಯ ಜೊತೆಗೆ ಇದೊಂದು ಸಣ್ಣ ಹೆದರಿಕೆ ಸೇರಿಕೊಂಡಿತ್ತು.

ಅತ್ತೆಯವರ ಹೆದರಿಕೆಗಳಿಗಂತೂ ಕೊನೆಯಿರಲಿಲ್ಲ. ಗ್ಯಾಸಿನ ಸಿಲಿಂಡರು, ಮೊಬೈಲಿನ ಚಾರ್ಜರು, ಫ್ಯಾನಿನ ರೆಕ್ಕೆ, ಕಲ್ಲಂಗಡಿ ಹಣ್ಣಿನ ಬೀಜ, ಎಲ್ಲವನ್ನೂ ಮಷೀನು ತಿರುಗಿಸುತ್ತಲೇ ಒಂದೊಂದಾಗಿ ಹೇಳುತ್ತಿದ್ದರು. ನನ್ನ ಹೊಟ್ಟೆಯ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಇವರಿಗೆ ಅದೊಂದು ಚಿಂತೆಯೇ ಇಲ್ಲವಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಫ್ಯಾನಿನ ರೆಕ್ಕೆಗೆ ಇರುವ ಬೆಲೆ ನನ್ನ ಕೂಸಿಗಿಲ್ಲವೇ?

ಮೇ ತಿಂಗಳ ನಡುವೆ, ಎಂಟನೇ ತಿಂಗಳು ನಡೆಯುವಾಗ, ಒಂದು ಮಧ್ಯಾಹ್ನ ಊಟ ಮಾಡಿ ಗೋಡೆಗೆ ಒರಗಿ ಕೂತಿದ್ದೆ. ದಿನಾ ಊಟವಾದ ಮೇಲೆ ಕೂಸು ಹೊರಳುತ್ತಿತ್ತು. ಅವತ್ತು ಹೊರಳಲಿಲ್ಲ. ನೀರು ಕುಡಿದೆ. ಎಡಮಗ್ಗುಲಾಗಿ ಮಲಗಿದೆ. ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡೆ. ಏನೂ ಇಲ್ಲ. ಬಾಯಿಬಿಟ್ಟು ಹೇಳಿದರೆ ಅದೇ ನಿಜವಾಗಿಬಿಡುತ್ತದೇನೋ ಎಂದು ಹೆದರಿ ನಾನು ಹೇಳಲೂ ಇಲ್ಲ.

ಮಷೀನಿನ ಸದ್ದು ನಿಂತಿತು.

"ಏಳವ್ವಾ" ಎಂದರು ಅತ್ತೆಯವರು. "ದವಾಖಾನಿಗಿ ಹೋಗೂಣು."

ನಾನು ಏನೂ ಹೇಳಿರಲಿಲ್ಲ! ಬಟ್ಟೆ ಬದಲಿಸಲೂ ಬಿಡಲಿಲ್ಲ, ಅದೇ ಪೆಂಡಾಲಿನಲ್ಲೇ ನನ್ನನ್ನು ಎಬ್ಬಿಸಿಕೊಂಡು ಹೊರಟರು. ಮೂರು ಗಾಲಿಯ ಗಾಡಿಯನ್ನು ನಂಬಬಾರದೆಂದು ಆಟೋ ಹತ್ತಿದಾಗಲೆಲ್ಲ "ಸಾವಕಾಶ, ಸಾವಕಾಶ" ಎಂದು ಡ್ರೈವರನ ಪ್ರಾಣ ತಿನ್ನುವವರು ಅವತ್ತು ಅವನ ಹೆಗಲಿಗೆ ಬಡಿದು, "ಓಡಸಪಾ, ನಿನ್ನ ಕಾಲಿಗಿ ಬೀಳ್ತೀನಿ" ಎಂದರು. ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಹಿಡಿದಿದ್ದರು.

ದವಾಖಾನೆಯಲ್ಲಿ ನರ್ಸಮ್ಮ ಚೀಟಿ ಬರೆಯಲು ಕೂತಳು. "ಎಷ್ಟನೇ ತಿಂಗಳ್ರೀ?"

"ನಡದದ" ಎಂದರು ಅತ್ತೆಯವರು.

"ಎಷ್ಟಂತ ಬರೀಲಿ?"

"ನಡದದ ಅಂದ್ನಲ್ಲವ್ವಾ, ನಡೀಲಿ ಬಿಡು!"

ಡಾಕ್ಟರಮ್ಮ ಹೊಟ್ಟೆಯ ಮೇಲೆ ಸಣ್ಣ ಯಂತ್ರ ಇಟ್ಟು ಹುಡುಕಿದರು. ಇಲ್ಲಿ ಇಟ್ಟರು, ಅಲ್ಲಿ ಇಟ್ಟರು. ಬರೀ ಗರಗರ ಸದ್ದು. ನಾನು ಡಾಕ್ಟರಮ್ಮನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದೆ. ಹೋದ ಸಲವೂ ಹೀಗೇ ಹುಡುಕಿದ್ದರು, ಹುಡುಕಿ ಹುಡುಕಿ ಕೊನೆಗೆ ಯಂತ್ರ ತೆಗೆದಿಟ್ಟಿದ್ದರು.

ಆಮೇಲೆ ಕೇಳಿಸಿತು. ಧಡಧಡ, ಧಡಧಡ, ಓಡೋಡಿ ಬಂದವರ ಎದೆಯ ಹಾಗೆ.

"ಕೂಸು ಚಂದ ಅದ. ಮಲಗಿತ್ತು, ಅಷ್ಟೇ" ಎಂದರು ಡಾಕ್ಟರಮ್ಮ. "ಆದ್ರ ತಡಾ ಮಾಡ್ಲಾರದ ಬಂದ್ರಲ್ಲ, ಅದು ಛೊಲೊ ಮಾಡಿದ್ರಿ. ಯಾವಾಗ ಹಿಂಗ ಅನಸಿದ್ರೂ ಬರ್ರಿ."

ತಿರುಗಿ ನೋಡಿದರೆ ಅತ್ತೆಯವರು ನೆಲದ ಮೇಲೆ ಕೂತುಬಿಟ್ಟಿದ್ದರು. ಸೆರಗು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅಳುತ್ತಿದ್ದರು.

ಹೊರಗೆ ಬೆಂಚಿನ ಮೇಲೆ ಕೂತಾಗ ಕೇಳಿದೆ. "ಅತ್ತಿ, ನಾ ಏನೂ ಹೇಳಿದ್ದಿಲ್ಲ. ನಿಮಗ ಹ್ಯಾಂಗ ಗೊತ್ತಾತು?"

ಸೆರಗು ಸರಿ ಮಾಡಿಕೊಂಡು ಹೇಳಿದರು. "ದಿನಾ ಉಂಡ ಮ್ಯಾಲ ನೀ ಗ್ವಾಡಿಗಿ ಒರಗಿ ಕುಂದ್ರತಿ. ಅದು ಒಳಗ ಹೊರಳಿದ ಕೂಡ್ಲೆ ನಿನ್ನ ಮಾರಿ ಸಡ್ಲ ಆಗ್ತದ. ಅದನ್ನ ನೋಡಿದ ಮ್ಯಾಲೇ ನಾ ಉಣ್ಣಾಕ ಏಳತೀನಿ. ಇವತ್ತ ಆಗ್ಲಿಲ್ಲ."

ನಾನು ಅವರ ಹತ್ತಿರ ಸರಿದು ಕೂತೆ.

"ನಾ ಹೊಲಿಯಾಕ ಬಂದೀನಂತ ತಿಳದಿಯೇನವ್ವಾ?" ಎಂದರು. "ಹೋದ ಸಲ ನೀ ಒಬ್ಬಾಕೀನೇ ಇದ್ದಿ. ಈ ಸಲ ಯಾರರ ಒಬ್ಬರು ನಿನ್ನ ಎದುರಿಗಿ ಇರಬೇಕಿತ್ತು. ಸುಮ್ನ ಬಂದು ನಿನ್ನ ಮಾರಿ ನೋಡಕೋತ ಕುಂತ್ರ ನೀ ಹೆದರ್ತಿದ್ದಿ. ಮಷೀನ ಮುಂದ ಕುಂತವರನ್ನ ಯಾಕ ಕುಂತೀರಿ ಅಂತ ಯಾರೂ ಕೇಳಂಗಿಲ್ಲ." ಕಣ್ಣೊರೆಸಿಕೊಂಡರು. "ಹೊಲಗಿ ಅಂತೂ ಮುಗೀತ ಬಂತು. ಇನ್ನ ಏನ್ ನೆವ ಹೇಳ್ಲಿ ಅಂತ ಎರಡು ದಿನದಿಂದ ಅದೇ ಚಿಂತಿ ಆಗ್ಯದ ನನಗ."

ಅಷ್ಟು ದಿನ ಅವರ ಮೇಲೆ ಸಿಟ್ಟಾಗಿದ್ದ ನನಗೆ ನಾಚಿಕೆಯಾಯಿತು. ಅವರ ಕೈ ಹಿಡಿದುಕೊಂಡೆ. "ಅತ್ತಿ, ನನಗ ಗೌನು ಸಾಲವಲ್ಲವು. ಇನ್ನೂ ಹೊಲೀರಿ."

"ಎಷ್ಟು ಹೊಲೀಲಿ?"

"ಕೂಸು ಹುಟ್ಟೂ ತನಕ."

ಮನೆಗೆ ಬಂದು ನನ್ನ ಎರಡು ಒಳ್ಳೆಯ ಹತ್ತಿ ಸೀರೆ ತೆಗೆದುಕೊಟ್ಟೆ. ಸಂಜೆಯೇ ಕತ್ತರಿ ಹಾಕಿದರು. ಅವತ್ತಿನಿಂದ ನಾನು ಗೋಡೆಗೆ ಒರಗಿ ಕೂತಾಗ ಹೊಟ್ಟೆಯೊಳಗೆ ಕೂಸು ಹೊರಳಿದರೆ, "ಅತ್ತಿ, ಆತ್ರಿ" ಎಂದು ಬಾಯಿಬಿಟ್ಟು ಹೇಳುತ್ತಿದ್ದೆ. ಅವರು "ಹೂಂ" ಎಂದು ಊಟಕ್ಕೆ ಏಳುತ್ತಿದ್ದರು. ಹೆದರಿಕೆ ಇಬ್ಬರಿಗೂ ಹೋಗಲಿಲ್ಲ, ಆದರೆ ಒಂದೇ ಕೋಣೆಯಲ್ಲಿ ಕೂತು ಹೆದರುವುದಕ್ಕೆ ಅಷ್ಟು ಕಷ್ಟವಾಗಲಿಲ್ಲ.

ಜೂನ್ ಕೊನೆಗೆ ಮಗಳು ಹುಟ್ಟಿದಳು. ಹೊಟ್ಟೆನೋವು ಶುರುವಾದಾಗ ಹನ್ನೊಂದನೆಯ ಗೌನಿಗೆ ಇನ್ನೂ ಒಂದು ತೋಳು ಹಚ್ಚುವುದಿತ್ತು. ಆ ತೋಳು ಹಚ್ಚಲೆಂದು ಅತ್ತೆಯವರು ಇವತ್ತಿಗೂ ತಿಂಗಳಿಗೊಮ್ಮೆ ಕಮಲಾಪುರದಿಂದ ಬರುತ್ತಾರೆ, ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಎರಡು ದಿನ ಇದ್ದು ಹೋಗುತ್ತಾರೆ. ತೋಳು ಹಚ್ಚುವುದು ಹಾಗೇ ಉಳಿದಿದೆ. ನಾನು ಅದರ ಮಾತು ಎತ್ತುವುದಿಲ್ಲ.