ಜೂನ್ ಒಂದಕ್ಕೆ ಹುಟ್ಟಿದವರೆಲ್ಲರ ಪರವಾಗಿ

ಮಾನ್ಯ ಹೊಸ ತಂತ್ರಾಂಶದವರೇ,

ಕುಂಕುಮ ಹಚ್ಚಿಸಿಕೊಂಡು, ತೆಂಗಿನಕಾಯಿ ಒಡೆಸಿಕೊಂಡು, ಬೈಲಹೊಂಗಲದ ನಮ್ಮ ಕಚೇರಿಯಲ್ಲಿ ಅಧಿಕಾರ ವಹಿಸಿಕೊಂಡ ತಮಗೆ ಪಡಿತರ ಚೀಟಿ ವಿಭಾಗದ ಮಹಾನಂದಾಳ ಅನಂತ ನಮಸ್ಕಾರಗಳು.

ತಾವು ತಪ್ಪು ಮಾಡುವವರಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ; ತಪ್ಪೇನಿದ್ದರೂ ನಾವು ಹುಟ್ಟಿದ್ದರಲ್ಲೇ ಇದೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಈ ಸೀಮೆಯ ಮಾಸ್ತರರೂ ಗುಮಾಸ್ತರೂ ಜೂನ್ ಒಂದನ್ನು ಧಾರಾಳವಾಗಿ ಹಂಚಿದ್ದಾರೆ; ಇಸವಿಯೂ ಮುಖ ನೋಡಿ ಬರೆದದ್ದು. ಹೀಗಾಗಿ ಬೈಲಹೊಂಗಲದ ಖತಿಜಾಬಿ, ಗಂಡ ಬುಡನಸಾಬ, ಮತ್ತು ಯರಗಟ್ಟಿಯ ಖತಿಜಾಬಿ, ಆಕೆಯ ಗಂಡನೂ ಬುಡನಸಾಬ, ಇಬ್ಬರೂ ಒಂದೇ ದಿನ ಹುಟ್ಟಿದ್ದನ್ನು ಕಂಡ ತಾವು, ಇಬ್ಬರೂ ಒಬ್ಬಳೇ ಎಂದು ತೀರ್ಮಾನಿಸಿ ಯರಗಟ್ಟಿಯ ಚೀಟಿಯನ್ನು ರದ್ದು ಮಾಡಿದಿರಿ. ಅದ್ವೈತವನ್ನು ನಾನು ಎಂ.ಎ.ಯಲ್ಲಿ ಓದಿದ್ದೆ, ಜಾರಿಗೆ ತಂದವರನ್ನು ಕಂಡದ್ದು ಈಗಲೇ.

ಹಳೆಯ ಕಂಪ್ಯೂಟರು ಬೇಸಿಗೆ ಬಂದರೆ ಮೂರ್ಛೆ ಹೋಗುತ್ತಿತ್ತು, ನಿಜ. ಆದರೆ ಅದರ ‘ಷರಾ’ ಕಾಲಮ್ಮಿನಲ್ಲಿ ಒಬ್ಬಳ ಮುಂದೆ ‘ಗಿರಣಿ ಹಿಂದಿನಾಕಿ’, ಇನ್ನೊಬ್ಬಳ ಮುಂದೆ ‘ಬಳಿ ಮಾರಾಕಿ’ ಎಂದು ಬರೆದಿತ್ತು. ಮಾಹಿತಿಯನ್ನೆಲ್ಲ ತಮಗೆ ಒಪ್ಪಿಸುವಾಗ, ತಮ್ಮನ್ನು ಕೂರಿಸಲು ಬಂದವರು ಆ ಕಾಲಮ್ಮು ಬೇಕೇ ಎಂದು ನನ್ನನ್ನೇ ಕೇಳಿದರು. ಕವಿತೆ ಓದುವವಳಲ್ಲವೇ, ಹೆಚ್ಚಿನ ಮಾತು ಭಾರ, ತೆಗೆದುಹಾಕಿ ಎಂದೆ. ಕವಿತೆಯ ಮೇಲೆ ಆಡಬೇಕಾದ ಕತ್ತರಿ ಖತಿಜಾಬಿಯ ಅಕ್ಕಿಯ ಮೇಲೆ ಆಡಿತು.

ಈಗ ಬಳೆ ಮಾರುವ ಖತಿಜಾಬಿ ತಿಂಗಳು ತಿಂಗಳು ಯರಗಟ್ಟಿಯಿಂದ ಬಸ್ಸಿನಲ್ಲಿ ಬಂದು, ಗಿರಣಿ ಹಿಂದಿನ ಖತಿಜಾಬಿಯ ಅಕ್ಕಿಯಲ್ಲಿ ಅರ್ಧ ಒಯ್ಯುತ್ತಾಳೆ. ಕಳೆದ ಸಲ ಹೋಗುವಾಗ ನನ್ನ ಮೇಜಿನ ಮುಂದೆ ಚೀಲ ಇಳಿಸಿ ಕೇಳಿದಳು: “ಬಾಯಾರ, ನೀವೂ ಜೂನ್ ಒಂದರಾಕಿನಽ ಅಂತಲ್ರಿ? ನನಗರ ಅರ್ಧಾ ಅಕ್ಕಿ ಕೊಡೋ ಜೋಡಿ ಸಿಕ್ಕಾಳ. ನಿಮ್ಮ ಜೋಡಿ ಯಾರದಾಳ್ರಿ, ಹುಡಿಕ್ಕೊಂಡೀರಿಲ್ಲೋ?” ಕಚೇರಿಯೆಲ್ಲ ನಕ್ಕಿತು, ನಾನೂ ನಕ್ಕೆ, ಮುಂದಿನದು ಗೊತ್ತಿಲ್ಲದೆ.

ಆದ್ದರಿಂದ ಆ ಒಂದು ಕಾಲಮ್ಮನ್ನು ಮರಳಿ ದಯಪಾಲಿಸಬೇಕು. ಅದು ತಮ್ಮ ಘನತೆಗೆ ಒಗ್ಗದಿದ್ದರೆ, ನಮ್ಮೆಲ್ಲರನ್ನೂ ತಮಗೆ ಅನುಕೂಲವಾದ ಬೇರೆ ಬೇರೆ ತಾರೀಖುಗಳಂದು ಇನ್ನೊಮ್ಮೆ ಹುಟ್ಟಿಸಬೇಕು. ನಾನಂತೂ ಶ್ರಾವಣದ ಯಾವ ದಿನಕ್ಕೂ ಸಿದ್ಧ.

ಬೇರೆಯವಳೆಂದು ತಾವು ಒಪ್ಪುವವರೆಗೂ,
ತಮ್ಮ ವಿಶ್ವಾಸಿ,
ಮಹಾನಂದಾ

ಮರೆತ ಮಾತು: ಈ ದೂರನ್ನು ಮೊದಲು ತಮ್ಮಲ್ಲೇ ದಾಖಲಿಸಿದ್ದೆ. ಕೂಡಲೇ ಉತ್ತರ ಬಂತು: ನನ್ನ ಅಹವಾಲು ಬಗೆಹರಿದಿದೆ, ಸವದತ್ತಿಯ ನನ್ನ ಚೀಟಿಗೆ ಸೊಸೆ ಪೂನಮ್‌ಳ ಹೆಸರು ಸೇರಿದೆ. ನನಗೆ ಮಗನೂ ಇಲ್ಲ, ಸವದತ್ತಿಯಲ್ಲಿ ಚೀಟಿಯೂ ಇಲ್ಲ; ಖತಿಜಾಬಿ ಕೇಳಿದ ನನ್ನ ಜೋಡಿ ಅಲ್ಲಿದ್ದಾಳೆ. ಭಾನುವಾರ ಬಳೆ ಮಾರುವ ಖತಿಜಾಬಿಯನ್ನು ಕರೆದುಕೊಂಡು ಸವದತ್ತಿಗೆ ಹೊರಟಿದ್ದೇನೆ. ತಾವು ದಯಪಾಲಿಸಿದ ಸೊಸೆಗೆ ಕೈತುಂಬ ಬಳೆ ಇಡಿಸಬೇಕಲ್ಲ. ಅಕ್ಕಿ ಕಳೆದ ನನ್ನಿಂದ ಖತಿಜಾಬಿಗೆ ಅಷ್ಟಾದರೂ ವ್ಯಾಪಾರವಾಗಲಿ.