ಐದು ಗಂಟೆವರೆಗೆ ಅಲುಗಬೇಡಿ

ಆ ಹಳದಿ ಡಬ್ಬಿ ಇದ್ದುದು ಒಂದು ಇಟ್ಟಿಗೆಯಷ್ಟು. ಆದರೆ ನಾಲ್ಕು ಮಹಡಿಯ ಜನರನ್ನು ಬೀದಿಗೆ ತಂದು ನಿಲ್ಲಿಸುವ ತಾಕತ್ತು ಅದಕ್ಕಿತ್ತು. ಎರಡು ಸಲ ನಿಲ್ಲಿಸಿಯೂ ಇತ್ತು.

ಅದು ಭೂಕಂಪದ ಯಂತ್ರ. ನೆಲದೊಳಗೆ ಮೊದಲ ನಡುಕ ಹುಟ್ಟಿದ ಕೂಡಲೇ ಸೈರನ್ ಕೂಗಿ, ದೊಡ್ಡದು ಬಂದೆರಗುವುದರೊಳಗೆ ಓಡಿಹೋಗಲು ಕೆಲವು ಸೆಕೆಂಡು ಕೊಡುತ್ತದೆ ಎಂದು ತಂದವರು ಹೇಳಿದ್ದರು. ನಿವಾಸಿಗಳ ಸಂಘದ ಅಧ್ಯಕ್ಷರು ರಿಬ್ಬನ್ ಕತ್ತರಿಸಿ, ಡಬ್ಬಿಯ ಪಕ್ಕ ಎದೆಯುಬ್ಬಿಸಿ ಫೋಟೊ ತೆಗೆಸಿಕೊಂಡರು. ವಿಜ್ಞಾನದ ಕೆಲಸ ಅಲ್ಲಿಗೆ ಮುಗಿಯಿತು. ಜೊತೆಗೆ ಬಂದ ಪುಸ್ತಕದ ಪ್ಲಾಸ್ಟಿಕ್ಕನ್ನೂ ಯಾರೂ ಬಿಚ್ಚಲಿಲ್ಲ. ಡಬ್ಬಿಯನ್ನು ನೆಲಮಾಳಿಗೆಯಲ್ಲಿ, ಕಾವಲುಗಾರನ ಕೋಣೆಯ ಮೂಲೆಯಲ್ಲಿ, ನೆಲಕ್ಕೆ ಬೋಲ್ಟ್ ಹಾಕಿ ಬಿಗಿದರು. ಮಿಕ್ಕ ಮೂರು ಮೂಲೆ ಅವನಿಗೂ ಅವನ ಹೆಂಡತಿಗೂ ಉಳಿಯಿತು.

ಮೊದಲ ಸಲ ಸೈರನ್ ಕೂಗಿದಾಗ ಅಧ್ಯಕ್ಷರು ಒಂದು ಕೆನ್ನೆಗೆ ನೊರೆ ಮೆತ್ತಿಕೊಂಡೇ ಓಡಿಬಂದಿದ್ದರು. ಎಲ್ಲರೂ ಅರ್ಧ ಗಂಟೆ ಬೀದಿಯಲ್ಲಿ ನಿಂತು ಕಟ್ಟಡ ಬೀಳುವುದನ್ನು ಕಾದರು. ಒಂದು ಕಪ್ಪೂ ಒಡೆಯಲಿಲ್ಲ. ಎರಡನೆಯ ಸಲವೂ ಅದೇ ಕತೆ. ಭೂಕಂಪ ಬಾರದೇ ಹೋದದ್ದಕ್ಕೆ ಜನಕ್ಕೆ ಬಂದ ಸಿಟ್ಟು, ಅದು ಬಂದಿದ್ದರೂ ಬರುತ್ತಿರಲಿಲ್ಲ.

ಅದಾಗಿ ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಅಧ್ಯಕ್ಷರು ಕಾವಲುಗಾರನನ್ನು ಸಂಘದ ಕೋಣೆಗೆ ಕರೆಸಿ ಮೇಜು ಗುದ್ದಿದರು. ಮೇಜು ಗಡಗಡ ಕುಣಿಯಿತು.

"ಥೂ, ಮೊದ್ಲು ಈ ಕಾಲಿಗೆ ಏನಾದ್ರೂ ಕೊಡು!"

"ಏನು ಕೊಡ್ಲಿ ಸಾರ್?"

"ಅದೇ, ಆ ಕವರ್ ಬಿದ್ದಿದೆಯಲ್ಲ, ಮಡಚಿ ಇಡು."

ಬಿಚ್ಚದ ಕಂದು ಲಕೋಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ಅವನು ಮೇಜಿನ ಕಾಲಡಿ ತುರುಕಿದ. ಮೇಜು ಸುಮ್ಮನಾಯಿತು. ಅಧ್ಯಕ್ಷರು ಧೈರ್ಯವಾಗಿ ಇನ್ನೊಮ್ಮೆ ಗುದ್ದಿದರು.

"ಇವತ್ತು ಸಂಜೆ ಐದಕ್ಕೆ ಎಂಜಿನಿಯರ್ ಬರ್ತಾನೆ. ಅಲ್ಲೀವರೆಗೆ ಆ ಡಬ್ಬಿ ಸುಮ್‌ಸುಮ್ನೆ ಕೂಗಿತೋ, ನಿಂಗೆ ಕೆಲ್ಸಾನೂ ಇಲ್ಲ, ಕೋಣೆನೂ ಇಲ್ಲ."

"ಕೂಗೋದು ಡಬ್ಬಿ ಸಾರ್, ನಾನಲ್ಲ..."

"ಡಬ್ಬಿ ಯಾರ ಕೋಣೇಲಿದೆ?"

ಅವನು ತಲೆ ಕೆರೆದುಕೊಳ್ಳುತ್ತ ಕೋಣೆಗೆ ಮರಳಿದ.

ಕಾವಲುಗಾರ ಕೂತು ಲೆಕ್ಕ ಹಾಕಿದ. ಮೊದಲ ಸಲ ಕೂಗಿದಾಗ ಮೊದಲ ಮಹಡಿಯ ಅಕ್ಕ ಬಟ್ಟೆ ಒಗೆಯುವ ಯಂತ್ರ ಹಾಕಿದ್ದರು. ಎರಡನೆಯ ಸಲ ಎರಡನೆಯ ಮಹಡಿಯ ನಿವೃತ್ತ ಹೆಡ್‌ಮಾಸ್ಟರು ಹಗ್ಗದಾಟ ಆಡುತ್ತಿದ್ದರು. ಎರಡಕ್ಕೆ ಎರಡು ಕೂಡಿಸಿದ. ಎಂಟು ಬಂತು.

"ಗೊತ್ತಾಯ್ತು ಕಣೇ! ಇವ್ರು ಕುಣಿಯೋದಕ್ಕೇ ಡಬ್ಬಿ ಕೂಗ್ತಿರೋದು. ಐದು ಗಂಟೆವರೆಗೆ ಇಡೀ ಕಟ್ಟಡ ಅಲುಗದ ಹಾಗೆ ನೋಡ್ಕೋಬೇಕು."

ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಒಡೆದ ಕಿಟಕಿ ಬಾಗ್ಲು ಬಡ್ಕೊಳ್ಳೋದು ನಿಲ್ಸೋಕೆ ನಿಮಗೆ ಮೂರು ವರ್ಷದಿಂದ ಆಗಿಲ್ಲ. ಕಟ್ಟಡ ನಿಲ್ಲಿಸ್ತಾರಂತೆ."

ಅವನು ಮೊದಲ ಮಹಡಿಗೆ ಓಡಿದ. ಅಕ್ಕನ ಯಂತ್ರ ಆಗಲೇ ಬಚ್ಚಲಿನಿಂದ ಹೊರಟು, ನಡುಮನೆ ದಾಟಿ, ಬಾಗಿಲ ಕಡೆಗೆ ಗುಡುಗುತ್ತ ಬರುತ್ತಿತ್ತು, ತವರಿಗೆ ಹೊರಟ ಸೊಸೆಯ ಹಾಗೆ.

"ಅಕ್ಕಾ, ನಿಲ್ಸಿ! ಐದು ಗಂಟೆವರೆಗೆ ಅಲುಗಬೇಡಿ!"

"ಅರ್ಧ ಒಗೆದ ಬಟ್ಟೇನ ನಿನ್ನ ತಲೆ ಮೇಲೆ ಹಿಂಡ್ಲಾ? ನಿಲ್ಸಲ್ಲ. ಅಷ್ಟು ಕಷ್ಟ ಆದ್ರೆ ಮೇಲೆ ಹತ್ತಿ ಕೂತ್ಕೊ."

ಅವನು ಹತ್ತಿ ಕೂತ. ಹದಿನೆಂಟು ನಿಮಿಷ ಯಂತ್ರ ಅವನನ್ನು ಒಗೆಯಿತು, ಹಿಂಡಿತು. ಇಳಿದಾಗ ಮೂರು ಅಕ್ಕ ಕಂಡರು. ಮೂವರೂ ಒಟ್ಟಿಗೆ ಕೇಳಿದರು: "ನಾಳೆನೂ ಬರ್ತೀಯಾ? ಇವತ್ತು ಸದ್ದೇ ಇಲ್ಲ ನೋಡು."

ಎರಡನೆಯ ಮಹಡಿಯಲ್ಲಿ ಹೆಡ್‌ಮಾಸ್ಟರು ಹಗ್ಗ ಹಿಡಿದು ಮೂವತ್ತೇಳಕ್ಕೆ ಬಂದಿದ್ದರು.

"ಡಾಕ್ಟ್ರು ದಿನಕ್ಕೆ ನೂರು ಅಂದಿದಾರೆ. ಅರವತ್ತಮೂರು ಬಾಕಿ. ನನ್ನ ಹೃದಯ ನಿಂತ್ರೆ ನೀನು ಬಂದು ಬಡೀತೀಯೇನೋ?"

"ನೆಲದ ಮೇಲೆ ಬೇಡ ಸಾರ್. ಮೆತ್ತಗಿರೋ ಕಡೆ..."

ಹೆಡ್‌ಮಾಸ್ಟರು ಯೋಚಿಸಿ ಮಂಚ ಹತ್ತಿದರು. ನಲವತ್ತು ಎಣಿಸುವಷ್ಟರಲ್ಲಿ ಮಂಚದ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು. ಢಮಾರ್! ಗೋಡೆಯ ಗಡಿಯಾರ ಕಳಚಿಬಿತ್ತು.

ಕಾವಲುಗಾರ ಹೊರಗೋಡಿದ. ಈಗ ಕೂಗುತ್ತದೆ, ಈಗ ಕೂಗುತ್ತದೆ ಎಂದು ಮೆಟ್ಟಿಲಲ್ಲೇ ಕಿವಿ ಮುಚ್ಚಿ ಕೂತ. ಕೂಗಲಿಲ್ಲ. ಇಷ್ಟಾದರೂ ಯಾಕೆ ಕೂಗಲಿಲ್ಲ ಎಂದು ಬುದ್ಧಿವಂತನಾದವನು ಕೇಳಿಕೊಳ್ಳುತ್ತಿದ್ದ. ಇವನು ಹೆದರಿದವನು, ಬದುಕಿದೆ ಅಂದುಕೊಂಡ.

"ಜನಾನ ಹಿಡಿಯೋಕಾಗಲ್ಲ ಕಣೇ," ಎಂದ, ಕೋಣೆಗೆ ಬಂದು. "ಡಬ್ಬೀನೇ ಹಿಡಿಯೋಣ. ನಿಮ್ಮಪ್ಪ ಕೊಟ್ಟ ಹಾಸಿಗೆ ತೆಗಿ."

ಆ ಮನೆಯಲ್ಲಿ ಮೆತ್ತಗಿದ್ದದ್ದು ಅದೊಂದೇ. ಅವನು ಬೋಲ್ಟ್ ಬಿಚ್ಚಿ, ಡಬ್ಬಿಯನ್ನು ಹಸುಗೂಸಿನಂತೆ ಎತ್ತಿ ಹತ್ತಿಯ ಹಾಸಿಗೆಯ ಮೇಲೆ ಮಲಗಿಸಿದ. ಎರಡೂ ಕಡೆ ದಿಂಬು ಕೊಟ್ಟ.

"ಹೊದಿಸ್ತೀರಾ?" ಎಂದಳು ಹೆಂಡತಿ. ಅವನು ಹೊದಿಸಿದ.

ಮೂರು ಗಂಟೆ ಹತ್ತು ನಿಮಿಷಕ್ಕೆ ಲೋಟದ ನೀರಿನಲ್ಲಿ ಉಂಗುರ ಎದ್ದವು. ಬಲ್ಬು ತೊನೆಯಿತು. ತಟ್ಟೆಗಳು ಕಿಣಿಕಿಣಿ ಅಂದವು. ಅವನ ರಕ್ತ ಕುದಿಯಿತು.

"ಯಾರ್ರೀ ಅದು ಕುಣೀತಿರೋದು?" ಎಂದು ಕಿರುಚುತ್ತ ಮೆಟ್ಟಿಲೇರಿದ.

"ನಾನು ಸೊಂಟ ಹಿಡ್ಕೊಂಡು ಮಲಗಿದೀನಿ! ಕೆಳಗಿನವಳ ಯಂತ್ರ ಇರಬೇಕು," ಎಂದರು ಹೆಡ್‌ಮಾಸ್ಟರು.

"ಯಂತ್ರ ನಿಂತು ಮೂರು ಗಂಟೆಯಾಯ್ತು. ಆ ಮಂಗನೇ ಮತ್ತೆ ಹಾರಿರ್ಬೇಕು!" ಎಂದರು ಅಕ್ಕ.

"ಯಾರನ್ನ ಮಂಗ ಅಂದೆ?"

ಪಕ್ಕದ ಬೀದಿಯಿಂದಲೂ ಗದ್ದಲ ಕೇಳಿಬಂತು. ಇವರ ಬಾಯಿ ಮುಚ್ಚಿಸುವುದೇ ಸಾಕಾಗಿದ್ದಾಗ ಅವರದೊಂದು ಎಂದು ಬೈದುಕೊಂಡು ಅವನು ಗೇಟು ಹಾಕಿದ. ಕಡೆಗೆ ಮನೆಮನೆಗೂ ಹೋಗಿ ಕೈಮುಗಿದ. ಅವನ ಮುಖ ನೋಡಿ ಕನಿಕರ ಬಂದೋ, ಇನ್ನೊಬ್ಬರ ಮೇಲೆ ತಪ್ಪು ಬರಲೆಂದೋ, ಎಲ್ಲರೂ ಕುರ್ಚಿಯಲ್ಲಿ ಕಲ್ಲಿನಂತೆ ಕೂತರು. ಕೆಮ್ಮು ಬಂದವರು ಟವೆಲಿಗೆ ಕೆಮ್ಮಿದರು.

ಐದಕ್ಕೆ ಎಂಜಿನಿಯರ್ ಗೇಟು ಬಡಿಯುತ್ತ, ಏದುಸಿರು ಬಿಡುತ್ತ ಬಂದ.

"ಇದೇನ್ರೀ? ಪಕ್ಕದ ಬೀದಿಯವರೆಲ್ಲ ಮೂರು ಹತ್ತರಿಂದ ಹೊರಗೆ ನಿಂತಿದಾರೆ. ನೀವು ಒಳಗೇ ಕೂತಿದೀರಲ್ಲ! ಸೈರನ್ ಕೂಗ್ಲಿಲ್ವಾ?"

"ಇಲ್ಲ ಸಾರ್!" ಎಂದ ಕಾವಲುಗಾರ, ಮುಖವರಳಿಸಿ. "ಉಸಿರೇ ಎತ್ತಿಲ್ಲ!"

"ಈ ಕಡೆಯ ಮಿಕ್ಕ ಹನ್ನೊಂದು ಯಂತ್ರಾನೂ ಕೂಗಿವೆ. ನಡುಕ ಬಂದದ್ದು ನಿಮಗೆ ಗೊತ್ತೇ ಆಗ್ಲಿಲ್ವಾ?"

ಮೆಟ್ಟಿಲ ಮೇಲೆ ಅಕ್ಕನೂ ಹೆಡ್‌ಮಾಸ್ಟರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಎಂಜಿನಿಯರ್ ಕೋಣೆಗೆ ನುಗ್ಗಿ ಹೊದಿಕೆ ಎತ್ತಿದ. ಆಮೇಲೆ ದಿಂಬುಗಳನ್ನು ಒಂದೊಂದಾಗಿ ಸರಿಸಿದ.

"ಜನ ಕುಣಿದ್ರೆ ಕೂಗುತ್ತಲ್ಲ ಸಾರ್, ಅದಕ್ಕೇ..."

"ಆನೆ ಕುಣಿದ್ರೂ ಇದು ಕೂಗಲ್ಲ! ನೆಲ ಅಲುಗಿದ್ರೆ ಮಾತ್ರ ಕೂಗುತ್ತೆ. ಆವಾಗ ಎರಡು ಸಲ ಕೂಗಿದ್ದೂ ನಿಜವಾದ ನಡುಕಕ್ಕೇ. ನಿಮಗೆ ತಿಳಿಯದಷ್ಟು ಸಣ್ಣದು, ಅಷ್ಟೇ. ಎಲ್ಲಾ ಬರೆದು, ಯಂತ್ರ ಮುಟ್ಟಬೇಡಿ ಅಂತ ಪತ್ರ ಕಳಿಸಿದ್ವಲ್ಲ. ಕಂದು ಲಕೋಟೆ."

ಕಾವಲುಗಾರ ಸಂಘದ ಕೋಣೆಗೆ ಓಡಿ, ಬಗ್ಗಿ ಲಕೋಟೆ ಎಳೆದ. ಮೇಜು ವಾಲಿ ಅಧ್ಯಕ್ಷರ ಟೀ ಅವರ ತೊಡೆಗೆ ಬಂತು.

"ಯಾರಯ್ಯ ಇದನ್ನ ಅಲ್ಲಿ ಇಟ್ಟದ್ದು?" ಎಂದು ಅಧ್ಯಕ್ಷರು ಎಲ್ಲರಿಗೂ ಕೇಳುವಂತೆ ಗರ್ಜಿಸಿದರು.

"ನಾನೇ ಸಾರ್, ಆದ್ರೆ ನೀವು..."

"ನೋಡಿದ್ರಾ, ಒಪ್ಕೊಂಡ! ಇವತ್ತೇ ಗಂಟುಮೂಟೆ ಕಟ್ಟು."

"ಕೂಗಿದ್ರೆ ತಾನೇ ತೆಗೀತೀನಿ ಅಂದಿದ್ರಿ? ಕೂಗೇ ಇಲ್ಲವಲ್ಲ ಸಾರ್!"

"ಕೂಗ್ಲಿಲ್ಲ ಅಂತಲೇ ತೆಗೀತಿರೋದು!"

ಇನ್ನೊಂದು ನಡುಕ ಬಂದರೂ ಬರಬಹುದು, ಯಂತ್ರ ಬಿಗಿಯುವವರೆಗೆ ಎಲ್ಲರೂ ಹೊರಗಿರಿ ಎಂದು ಎಂಜಿನಿಯರ್ ಹೇಳಿದ. ಹಾಸಿಗೆಯನ್ನು ಸಾಕ್ಷಿಯೆಂದು ಸುತ್ತಿ ಜೀಪಿಗೆ ಹಾಕಿಸಿದ. ಬೀದಿಯಲ್ಲಿ ನಿಂತ ಹೆಂಡತಿ ಗಂಡನನ್ನು ನೋಡಲಿಲ್ಲ, ಹಾಸಿಗೆಯನ್ನು ನೋಡಿದಳು.

ಅಷ್ಟರಲ್ಲಿ ಅಕ್ಕ ಎದೆಗೆ ಕೈ ಇಟ್ಟುಕೊಂಡರು. "ಅಯ್ಯೋ! ಒಲೆ ಮೇಲೆ ಹಾಲಿಟ್ಟು ಬಂದೆ!"

ಯಾರೂ ಕದಲಲಿಲ್ಲ. ಎಲ್ಲರೂ ಕಟ್ಟಡ ನೋಡಿದರು. ಆಮೇಲೆ ಕಾವಲುಗಾರನನ್ನು ನೋಡಿದರು.

"ನೀನು ಹೋಗ್ಬಾ," ಎಂದರು ಅಧ್ಯಕ್ಷರು. "ನಿನ್ನ ಹೇಗೂ ತೆಗೆದಾಯ್ತಲ್ಲ."

"ಬರ್ತಾ ನನ್ನ ಕನ್ನಡಕ," ಎಂದರು ಹೆಡ್‌ಮಾಸ್ಟರು.

ಅವನು ಹಲ್ಲು ಕಚ್ಚಿ, ದಡದಡನೆ ಮೆಟ್ಟಿಲು ತುಳಿಯುತ್ತ ಓಡಿದ. ಹಿಂದಿನಿಂದ ನಾಲ್ಕು ಮಹಡಿಯ ಜನವೂ ಒಂದೇ ದನಿಯಲ್ಲಿ ಕೂಗಿತು:

"ಮೆಲ್ಲಗೆ ಹತ್ತೋ, ಕಟ್ಟಡ ಅಲುಗೀತು!"